ನೀರಿಗೆ ಅಡ್ಡ ಕುಳಿತ ಗಾಳಿ

ಬೇಸಿಗೆಯ ಒಂದು ಬೆಳಿಗ್ಗೆ ಯಲಬುರ್ಗಾ ಕಡೆಯ ಹಳ್ಳಿಯೊಂದರ ನಳದ ಮುಂದೆ ನಿಂತು ನೋಡಬೇಕು. ನಾಲ್ಕು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ನೀರು ಬಿಡುವ ದಿನ ಅದು. ಕೊಡಗಳ ಸಾಲು ಆಗಲೇ ಓಣಿಯ ತಿರುವು ದಾಟಿರುತ್ತದೆ. ಮೊದಲು ಬರುವುದು ನೀರಲ್ಲ, ಸದ್ದು. ನಳ ಬುಸುಗುಡುತ್ತದೆ, ಕೆಮ್ಮುತ್ತದೆ, ನಾಲ್ಕು ಹನಿ ಉಗುಳಿ ಮತ್ತೆ ಸುಮ್ಮನಾಗುತ್ತದೆ. ‘ಗಾಳಿ ಬಂತು, ಕೊಡ ತರ್ರಿ’ ಎಂದು ಯಾರೋ ಕೂಗುತ್ತಾರೆ. ಗಾಳಿ ಬಂದರೆ ಹಿಂದೆಯೇ ನೀರು ಬರುತ್ತದೆ ಎಂಬುದು ಆ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಗಾಳಿಯೂ ಬಾರದೆ, ನೀರೂ ಬಾರದೆ ಇರುವ ದಿನಗಳೂ ಉಂಟು. ಆಗ ಗಾಳಿ ನಡುದಾರಿಯಲ್ಲಿ ಎಲ್ಲೋ ಕುಳಿತಿದೆ ಎಂದು ಅರ್ಥ.

ನೀರಿನ ಚರಿತ್ರೆಯನ್ನು ನಾವು ಕೆರೆ, ಬಾವಿ, ಕಾಲುವೆ, ಅಣೆಕಟ್ಟುಗಳ ಹೆಸರಿನಲ್ಲಿ ಬರೆದುಕೊಂಡಿದ್ದೇವೆ. ಆ ನೀರಿನ ದಾರಿಗೆ ಅಡ್ಡ ಬಂದ ಗಾಳಿಯ ಚರಿತ್ರೆ ಅಷ್ಟೇ ಹಳೆಯದು. ಕೊಪ್ಪಳ ಸೀಮೆಯಲ್ಲಿ ನಿಂತು ನೋಡಿದರೆ ಅದರ ಹಲವು ಅಧ್ಯಾಯಗಳು ಸುತ್ತಮುತ್ತಲೇ ಸಿಗುತ್ತವೆ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಒಂದು ಸ್ನಾನದ ಮನೆಯಿಂದ. ಕೊಪ್ಪಳದಲ್ಲಿರುವ ನಮ್ಮ ಸಂಬಂಧಿಕರ ಮನೆಯ ಮಾಳಿಗೆ ಮೇಲೆ ಸೋಲಾರ್ ನೀರಿನ ಹಂಡೆ ಇದೆ. ಎರಡು ಚಳಿಗಾಲ ಚೆನ್ನಾಗಿಯೇ ಬಿಸಿನೀರು ಕೊಟ್ಟಿತ್ತು. ಮೂರನೆಯ ವರ್ಷ ತಣ್ಣೀರಿನ ಟ್ಯಾಂಕನ್ನು ಬದಲಿಸಿದಾಗ ಪೈಪುಗಳನ್ನು ಒಂದಿಷ್ಟು ಅತ್ತಿತ್ತ ಸರಿಸಿದರು. ಅಂದಿನಿಂದ ಬಿಸಿನೀರಿನ ನಲ್ಲಿ ತಿರುಗಿಸಿದರೆ ಬರೀ ಉಸಿರು. ಮೇಲೆ ಟ್ಯಾಂಕಿನ ತುಂಬ ನೀರು, ನೆತ್ತಿ ಸುಡುವ ಬಿಸಿಲು, ಕೆಳಗೆ ಖಾಲಿ ಬಕೆಟ್ಟು. ನೋಡಲು ಬಂದ ಪ್ಲಂಬರ್ ಹುಡುಗ ಮೆಟ್ಟಿಲ ಮೇಲೆ ನಿಂತು ಒಮ್ಮೆ ಪೈಪಿನ ಸಾಲನ್ನು ನೋಡಿದ. ‘ಪೈಪಿಗೆ ಗಾಳಿ ಹಿಡದೈತ್ರಿ’ ಎಂದ. ಮನೆಯ ಹಿರಿಯ ಅಜ್ಜಿಗೆ ನಗು. ಅವರ ಕಾಲದಲ್ಲಿ ಗಾಳಿ ಹಿಡಿಯುತ್ತಿದ್ದುದು ಮನುಷ್ಯರಿಗೆ, ಬಿಡಿಸುತ್ತಿದ್ದುದು ಬೇವಿನ ಸೊಪ್ಪಿನಿಂದ.

ಹುಡುಗ ಗಾಳಿ ಬಿಡಿಸಿದ ರೀತಿ ಹೀಗಿತ್ತು. ಸ್ನಾನದ ಮನೆಯಲ್ಲಿ ಬಿಸಿ ಮತ್ತು ತಣ್ಣನೆಯ ನೀರು ಎರಡೂ ಕೂಡುವ ನಲ್ಲಿಯ ಬಾಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ ಎರಡೂ ತಿರುಪುಗಳನ್ನು ತೆರೆದ. ಹೊರಗೆ ಹೋಗಲು ದಾರಿಯಿಲ್ಲದ ತಣ್ಣೀರು ಬಿಸಿನೀರಿನ ಪೈಪಿನೊಳಕ್ಕೆ ಹಿಮ್ಮುಖವಾಗಿ ನುಗ್ಗಿ ಅಲ್ಲಿ ಕುಳಿತಿದ್ದ ಗಾಳಿಯನ್ನು ಮೇಲಕ್ಕೆ ತಳ್ಳಿತು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲೆ ಗುಳುಗುಳು ಸದ್ದು. ಕೈ ತೆಗೆದಾಗ ನಲ್ಲಿ ನಾಲ್ಕು ಸಲ ಸೀನಿ ಬಿಸಿನೀರು ಕೊಟ್ಟಿತು. ಆದರೆ ಹುಡುಗ ಅಷ್ಟಕ್ಕೆ ಬಿಡಲಿಲ್ಲ. ಮಾಳಿಗೆಗೆ ಹತ್ತಿ, ಹಂಡೆಯ ನೆತ್ತಿಯ ಮೇಲಿದ್ದ ಮೋಟು ಕೊಳವೆಯೊಂದನ್ನು ತೋರಿಸಿದ. ಅದು ಹಂಡೆಯ ಉಸಿರುಗೊಳವೆ. ತಣ್ಣೀರಿನ ಟ್ಯಾಂಕಿನ ಮಟ್ಟಕ್ಕಿಂತ ಮೇಲೆ ಬಾಯಿ ತೆರೆದು ನಿಂತಿರಬೇಕಾದದ್ದು. ಆಗಾಗ ಹನಿ ತೊಟ್ಟಿಕ್ಕುತ್ತದೆ ಎಂದು ಯಾರೋ ಅದನ್ನು ಕತ್ತರಿಸಿ ಬಿರಡೆ ಹಾಕಿಬಿಟ್ಟಿದ್ದರು.

ನಮ್ಮ ಹಳೆಯ ಬಚ್ಚಲ ಒಲೆಗೆ ಈ ರೋಗವಿರಲಿಲ್ಲ. ಹಂಡೆಗೆ ಬಾಯಿ ತೆರೆದೇ ಇತ್ತು. ನೀರು ಕಾಯುವಾಗ ತಳದಲ್ಲಿ ಏಳುವ ಸಣ್ಣ ಗುಳ್ಳೆಗಳು ಮೇಲೆ ಬಂದು ಒಡೆದು ಹೋಗುತ್ತಿದ್ದವು. ಕುದಿಯುವುದಕ್ಕೆ ಬಹಳ ಮೊದಲೇ ಕಾಣುವ ಆ ಗುಳ್ಳೆಗಳು ಉಗಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ಸಾಧಾರಣ ತಣ್ಣನೆಯ ಒಂದು ಲೀಟರ್ ನೀರಿನಲ್ಲಿ ಸುಮಾರು 18 ಮಿಲಿಲೀಟರಿನಷ್ಟು ಗಾಳಿ ಕರಗಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ನೀರಿನಲ್ಲಿ ಹೆಚ್ಚು ಕರಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ಪ್ರಕಟಿಸಿದ. ನೀರು ಬಿಸಿಯಾದಂತೆ ಅದಕ್ಕೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ ಎಂಬುದನ್ನು ಯಾವ ಹಂಡೆಯೂ ತೋರಿಸುತ್ತದೆ. ಹೀಗಾಗಿ ನೀರು ಕಾಯಿಸುವ ಮುಚ್ಚಿದ ಪಾತ್ರೆ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. 100 ಲೀಟರಿನ ಸೋಲಾರ್ ಹಂಡೆಗೆ ದಿನವೂ ಹೊಸ ನೀರು ಬಂದು ಕಾಯುತ್ತಿದ್ದರೆ ದಿನವೂ ಒಂದಿಷ್ಟು ಗಾಳಿ ಬಿಡುಗಡೆಯಾಗುತ್ತಲೇ ಇರುತ್ತದೆ. ಅದು ಹೋಗಲು ಒಂದು ಬಾಯಿ ಬೇಕು.

ಆ ಸೋಲಾರ್ ಹಂಡೆಯಲ್ಲಿ ಪಂಪಿಲ್ಲ. ಕೆಳಗಿನ ಕೊಳವೆಗಳಲ್ಲಿ ಕಾದು ಹಗುರಾದ ನೀರು ಮೇಲಿನ ಹಂಡೆಗೆ ಏರುತ್ತದೆ, ತಣ್ಣಗಿನ ಭಾರದ ನೀರು ಕೆಳಗಿಳಿಯುತ್ತದೆ. ಇದೇ ಉಪಾಯವನ್ನು ಫ್ರಾನ್ಸಿನ ಬೊನ್ನಮ್ಯಾಂ ಎಂಬಾತ 1777ರಲ್ಲಿ ಕೋಳಿಮರಿ ಮಾಡಿಸುವ ಪೆಟ್ಟಿಗೆಯನ್ನು ಬೆಚ್ಚಗಿಡಲು ಬಳಸಿದ್ದ. ಮುಂದೆ ಚಳಿ ದೇಶಗಳಲ್ಲಿ ಮನೆಯನ್ನೇ ಬಿಸಿನೀರಿನ ಕೊಳವೆಗಳಿಂದ ಕಾಯಿಸುವ ವ್ಯವಸ್ಥೆ ಬೆಳೆದದ್ದು ಇದೇ ದಾರಿಯಲ್ಲಿ. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡದ ಕುಟುಂಬಗಳು ಚಳಿಗಾಲಕ್ಕೆ ಮುನ್ನ ಒಂದು ಪುಟ್ಟ ಕೀಲಿ ಹಿಡಿದು ಕೋಣೆ ಕೋಣೆಯ ರೇಡಿಯೇಟರಿನ ಗಾಳಿ ತೆಗೆಯುವುದನ್ನು ಕಲಿತಿರುತ್ತವೆ. ರೇಡಿಯೇಟರಿನ ಬುಡ ಬಿಸಿಯಿದ್ದು ತಲೆ ತಣ್ಣಗಿದ್ದರೆ ತಲೆಯಲ್ಲಿ ಗಾಳಿ ಸೇರಿದೆ ಎಂದು ಲೆಕ್ಕ. ಹೂಂಕರಿಸುವ ಗಾಳಿ ಹೋಗಿ ನೀರು ಚಿಮ್ಮಿದ ಕೂಡಲೇ ಕೀಲಿ ತಿರುಗಿಸಿ ಮುಚ್ಚಬೇಕು.

ಇಷ್ಟು ಹಗುರವಾದ ಗಾಳಿ ಅಷ್ಟು ಭಾರದ ನೀರನ್ನು ಹೇಗೆ ತಡೆಯುತ್ತದೆ? ಉಬ್ಬುತಗ್ಗಿನ ನೆಲದ ಮೇಲೆ ಹಾಸಿದ ಖಾಲಿ ಕೊಳವೆಯನ್ನು ನೆನೆಸಿಕೊಳ್ಳಿ. ನೀರು ಮೊದಲ ಉಬ್ಬನ್ನು ಹತ್ತಿ ಆಚೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ತಗ್ಗು ತುಂಬಿದ ಕ್ಷಣವೇ ಉಬ್ಬಿನ ಆಚೆ ಬದಿಯ ಇಳಿಜಾರಿನಲ್ಲಿದ್ದ ಗಾಳಿಗೆ ಎರಡೂ ಕಡೆ ಬಾಗಿಲು ಮುಚ್ಚಿತು. ಈಗ ನೀರು ಆ ಉಬ್ಬನ್ನು ಏರಲು ಖರ್ಚು ಮಾಡಿದ ಎತ್ತರ ಇಳಿಯುವಾಗ ವಾಪಸು ಸಿಗುವುದಿಲ್ಲ, ಏಕೆಂದರೆ ಇಳಿಜಾರಿನಲ್ಲಿ ತೂಕದ ನೀರಿಲ್ಲ, ತೂಕವಿಲ್ಲದ ಗಾಳಿ ಇದೆ. ಹೀಗೆ ಪ್ರತಿ ಉಬ್ಬೂ ತನ್ನ ಸುಂಕ ವಸೂಲು ಮಾಡುತ್ತದೆ. ಟ್ಯಾಂಕು 5 ಮೀಟರ್ ಎತ್ತರದಲ್ಲಿದೆ, ದಾರಿಯಲ್ಲಿ 2 ಮೀಟರಿನ ಮೂರು ಉಬ್ಬುಗಳಿವೆ ಎಂದಿಟ್ಟುಕೊಂಡರೆ ಸುಂಕ 6 ಮೀಟರ್, ಕೈಯಲ್ಲಿರುವುದು 5. ನಳ ಟ್ಯಾಂಕಿಗಿಂತ ಎಷ್ಟೋ ಕೆಳಗಿದ್ದರೂ ಒಂದು ಹನಿ ಬಾರದು. ಕೊಳವೆ ಒಡೆದಿಲ್ಲ, ಕಸ ಕಟ್ಟಿಲ್ಲ, ಯಾರೂ ಕದ್ದಿಲ್ಲ. ನೀರು ಮೇಲಿನಿಂದ ಕೆಳಕ್ಕೆ ತಾನಾಗಿ ಹರಿಯುತ್ತದೆ ಎಂಬ ನಮ್ಮ ನಂಬಿಕೆ ತೆರೆದ ಕಾಲುವೆಗೆ ನಿಜ, ಮುಚ್ಚಿದ ಕೊಳವೆಗೆ ಯಾವಾಗಲೂ ನಿಜವಲ್ಲ.

ವಿಜಯನಗರದ ಕಾಲುವೆ ಕಟ್ಟಿದವರು ಹೆಚ್ಚಾಗಿ ತೆರೆದ ದಾರಿಯನ್ನೇ ನೆಚ್ಚಿದರು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತ ತುಂಗಭದ್ರೆಯ ನೀರನ್ನು ಅಣೆ ಕಟ್ಟಿ ತಿರುಗಿಸಿದ ಆ ಕಾಲದ ಕಾಲುವೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ವಿರೂಪಾಪುರಗಡ್ಡೆಯ ಬಳಿ ಕಲ್ಲುಗಂಬಗಳ ಮೇಲೆ ನಿಂತ ಹಳೆಯ ಮೇಲ್ಗಾಲುವೆಯ ಅವಶೇಷವನ್ನು ನೋಡಿ ಬಹಳ ಮಂದಿ ಸೇತುವೆ ಎಂದುಕೊಳ್ಳುತ್ತಾರೆ. ಜನ ಅದನ್ನು ಬುಕ್ಕನ ಹೆಸರಿನಿಂದ ಕರೆಯುತ್ತಾರೆ. ತಗ್ಗು ಬಂದರೆ ನೀರನ್ನು ಕೊಳವೆಯಲ್ಲಿ ಇಳಿಸಿ ಹತ್ತಿಸುವ ಬದಲು ಕಲ್ಲಿನ ಕಂಬ ನಿಲ್ಲಿಸಿ ನೀರನ್ನು ಮಟ್ಟವಾಗಿಯೇ ಆಚೆಗೆ ಸಾಗಿಸುವುದು ಅವರ ಕ್ರಮ. ಹಂಪಿಯ ಅರಮನೆ ಆವರಣದಲ್ಲಿ ಮೆಟ್ಟಿಲುಗಳ ಪುಷ್ಕರಣಿಗೆ ನೀರು ತರುವ ಕಲ್ಲಿನ ದೋಣಿಗಳ ಸಾಲೂ ಹಾಗೆಯೇ. ಅಲ್ಲಿ ಸುಟ್ಟ ಮಣ್ಣಿನ ಕೊಳವೆಗಳೂ ಸಿಕ್ಕಿವೆ, ಇಲ್ಲವೆಂದಲ್ಲ. ಆದರೆ ನೋಡುವವರ ಕಣ್ಣಿಗೆ ಬೀಳುವುದು ಆಕಾಶ ಕಾಣುವ ನೀರು. ಆಕಾಶ ಕಾಣುವ ನೀರಿಗೆ ಗಾಳಿಯ ಭಯವಿಲ್ಲ.

1565ರ ರಕ್ಕಸತಂಗಡಿ ಯುದ್ಧದ ನಂತರ ಕೃಷ್ಣೆ ತುಂಗಭದ್ರೆಗಳ ನಡುವಿನ ಈ ದೋಆಬ್ ವಿಜಾಪುರದ ಆದಿಲಶಾಹಿಗಳ ಕೈಗೆ ಬಂತು. ಅವರ ರಾಜಧಾನಿಯ ಕಷ್ಟ ಬೇರೆ ಬಗೆಯದು. ಹಂಪಿಯ ಪಕ್ಕದಲ್ಲಿ ಹೊಳೆ ಇತ್ತು, ವಿಜಾಪುರಕ್ಕೆ ಇಲ್ಲ. ಲಕ್ಷಾಂತರ ಬಾಯಿಗಳಿಗೆ ನೀರು ಊರ ಹೊರಗಿನಿಂದ ಬರಬೇಕಿತ್ತು. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ, ಅಂದರೆ 1558 ಮತ್ತು 1580ರ ನಡುವೆ, ಪಶ್ಚಿಮದ ತೊರವಿಯಿಂದ ನೀರು ತರುವ ಕೆಲಸ ಮೊದಲಾಯಿತು. ಗೋಳಗುಮ್ಮಟದ ಕೆಳಗೆ ಮಲಗಿರುವ ಮುಹಮ್ಮದ್ ಆದಿಲಶಾಹ 1651ರಲ್ಲಿ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳು ಗಾರೆಗಚ್ಚಿನ ಹೊದಿಕೆಯೊಳಗೆ ಹೂತು ಊರಿಗೆ ಬಂದವು. ದೂರದ ದಾರಿ, ಮುಚ್ಚಿದ ದಾರಿ, ಏರಿಳಿತದ ದಾರಿ. ಗಾಳಿ ಕುಳಿತುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ಅದಕ್ಕೆ ಅವರು ಕಂಡುಕೊಂಡ ಉತ್ತರವೇ ಗಂಜ್. ವಿಜಯಪುರದ ಬೀದಿಗಳಲ್ಲಿ ಅಲ್ಲಲ್ಲಿ ಚೌಕಾಕಾರದ ಕಲ್ಲುಗಾರೆಯ ಗೋಪುರಗಳು ನಿಂತಿವೆ. ಕೆಲವು 25 ಅಡಿ, ಕೆಲವು 40 ಅಡಿಯಷ್ಟು ಎತ್ತರ. ಗೋಳಗುಮ್ಮಟ ನೋಡಲು ಬಂದವರು ಅವುಗಳತ್ತ ತಿರುಗಿಯೂ ನೋಡುವುದಿಲ್ಲ. ಯಾವುದೋ ಬಿದ್ದ ಕೋಟೆಯ ತುಂಡು ಎಂದುಕೊಂಡು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಆ ಊರಿನ ಬುದ್ಧಿವಂತಿಕೆಯನ್ನು ನೋಡಬೇಕಾದದ್ದು ಅಲ್ಲಿಯೇ. ನೆಲದೊಳಗಿನ ಕೊಳವೆ ಗಂಜ್‌ನ ಬುಡಕ್ಕೆ ಬಂದು ಅದರೊಳಗೆ ಮೇಲೇರುತ್ತದೆ. ಗೋಪುರದ ತಲೆ ತೆರೆದಿರುವುದರಿಂದ ನೀರು ಅಲ್ಲಿ ಹೊರಗಿನ ಗಾಳಿಯನ್ನು ಮುಟ್ಟುತ್ತದೆ. ಕೊಳವೆಯಲ್ಲಿ ಸೇರಿದ್ದ ಗುಳ್ಳೆಗಳು ಅಲ್ಲಿಯೇ ಬಿಟ್ಟುಹೋಗುತ್ತವೆ. ಇಳಿಜಾರಿನಲ್ಲಿ ಕೂಡಿಕೊಂಡಿದ್ದ ಒತ್ತಡವೂ ಅಲ್ಲಿಗೆ ಮುಗಿಯುತ್ತದೆ, ಇಲ್ಲವಾದರೆ ಮಣ್ಣಿನ ಕೊಳವೆ ಸಿಡಿದೀತು. ಹೂಳು ಬುಡದಲ್ಲಿ ಉಳಿಯುತ್ತದೆ. ಹೀಗೆ ಉಸಿರಾಡಿದ ನೀರು ಮತ್ತೆ ಕೊಳವೆಗಿಳಿದು ಮುಂದಿನ ಗಂಜ್‌ಗೆ ಹೊರಡುತ್ತದೆ. ಇನ್ನೂ ಒಂದು ಸಂಗತಿ ಇದೆ. ಆ ಓಣಿಯವರಿಗೆ ನೀರು ಹಂಚುವ ಜಾಗವೂ ಗಂಜ್ ಆಗಿತ್ತು. ಇದಕ್ಕೆ ಆಮೇಲೆ ಮತ್ತೆ ಬರುತ್ತೇನೆ.

ಈ ಉಪಾಯ ವಿಜಾಪುರದ ಒಬ್ಬರದೇ ಅಲ್ಲ. ರೋಮಿನ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆ ವಾಸ್ತುಶಿಲ್ಪದ ಬಗ್ಗೆ ಬರೆದ ಗ್ರಂಥದಲ್ಲಿ ಕಣಿವೆಗಿಳಿದು ಏರುವ ಕೊಳವೆಗಳಲ್ಲಿ ಗಾಳಿಯ ರಭಸ ಕಲ್ಲನ್ನೂ ಒಡೆಯಬಲ್ಲದು ಎಂದು ಎಚ್ಚರಿಸಿದ್ದಾನೆ. ಮೊದಲ ಸಲ ನೀರು ಬಿಡುವಾಗ ನಿಧಾನವಾಗಿ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು ಎಂಬ ಅವನ ಮಾತನ್ನು ಇಂದಿನ ಯಾವ ನೀರಗಂಟಿಯೂ ಒಪ್ಪುತ್ತಾನೆ. ಈಗಿನ ತುರ್ಕಿಯ ಆಸ್ಪೆಂಡೋಸ್‌ನಲ್ಲಿ ರೋಮನ್ನರ ಕಾಲದ ಕೊಳವೆ ಸಾಲಿನ ನಡುವೆ ಎರಡು ಎತ್ತರದ ನೀರಿನ ಗೋಪುರಗಳು ಉಳಿದಿವೆ. ಮುಂದೆ ಆಟೊಮನ್ನರ ಇಸ್ತಾಂಬುಲಿನಲ್ಲಿ ಅಂಥವಕ್ಕೆ ‘ನೀರಿನ ತಕ್ಕಡಿ’ ಎಂಬ ಅರ್ಥದ ಹೆಸರಿತ್ತು. ಆದಿಲಶಾಹಿಗಳ ಆಸ್ಥಾನಕ್ಕೆ ಪಶ್ಚಿಮ ಏಷ್ಯಾದ ಕುಶಲಿಗರು ಬರುತ್ತಿದ್ದ ಕಾಲ ಅದು.

ಅದೇ ಕಾಲದಲ್ಲಿ ಮಲಿಕ್ ಅಂಬರ್ ಔರಂಗಾಬಾದಿಗೆ, ಆಗಿನ ಖಡಕಿಗೆ, ನೆಲದೊಳಗಿನ ಕಾಲುವೆಯಲ್ಲಿ ನೀರು ತಂದ. ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿರುವ ಆ ಊರಿನ ಹಳೆಯ ಕೊಳವೆ ಸಾಲುಗಳ ಮೇಲೆ ಗಾಳಿ ಬಿಡಲು ನಿಲ್ಲಿಸಿದ ಗಾರೆಯ ಕಂಬಗಳಿಗೆ ‘ಬಂಬಾ’ ಎನ್ನುತ್ತಾರೆ. ಪಂಪು ಎಂಬ ಅರ್ಥದ ಪೋರ್ಚುಗೀಸ್ ಮಾತು ‘ಬೊಂಬ’ ದಖನಿನ ಭಾಷೆಗಳಲ್ಲಿ ಹೀಗೆ ನೀರಿಗೆ ಸಂಬಂಧಿಸಿದ ಹಲವು ವಸ್ತುಗಳಿಗೆ ಅಂಟಿಕೊಂಡಿತು. ಮರಾಠಿ ಮನೆಗಳಲ್ಲಿ, ನಮ್ಮ ಗಡಿ ಸೀಮೆಯ ಮನೆಗಳಲ್ಲಿಯೂ, ನಡುವೆ ಕೆಂಡದ ಕೊಳವೆ ಇರುವ ತಾಮ್ರದ ನೀರು ಕಾಯಿಸುವ ಪಾತ್ರೆಗೆ ಬಂಬ ಎಂದೇ ಹೆಸರು. ಔರಂಗಾಬಾದೂ ಕೊಪ್ಪಳವೂ ಮುಂದೆ ಹೈದರಾಬಾದ್ ನಿಜಾಮನ ಸೀಮೆಗೇ ಸೇರಿದ್ದವು ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ನಿಜವಾದ ಬಾಯ್ಲರಿನ ಕಥೆ. 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಬಳಿಯ ಗಣಿಯೊಂದರ ನೀರೆತ್ತಲು ಥಾಮಸ್ ನ್ಯೂಕಮೆನ್ ತನ್ನ ಉಗಿಯಂತ್ರ ನಿಲ್ಲಿಸಿದ. ಉರುಳೆಯೊಳಗೆ ಉಗಿ ತುಂಬಿ, ತಣ್ಣೀರು ಚಿಮುಕಿಸಿದಾಗ ಉಗಿ ನೀರಾಗಿ ಒಳಗೆ ಬರಿದಾಗುತ್ತದೆ. ಹೊರಗಿನ ವಾಯುಭಾರ ಕೊಂತವನ್ನು ಕೆಳಕ್ಕೆ ಒತ್ತುತ್ತದೆ. ತತ್ವ ಸರಿ. ಆದರೆ ಉಗಿಯ ಜೊತೆಯಲ್ಲಿ ಬಾಯ್ಲರಿನ ನೀರಿನಲ್ಲಿ ಕರಗಿದ್ದ ಗಾಳಿಯೂ ಬರುತ್ತದೆ. ಉಗಿ ತಣಿದು ನೀರಾಗುತ್ತದೆ, ಗಾಳಿ ಆಗುವುದಿಲ್ಲ. ಪ್ರತಿ ಹೊಡೆತಕ್ಕೂ ಒಂದಿಷ್ಟು ಸೇರಿಕೊಂಡು ಉರುಳೆ ಗಾಳಿಯಿಂದ ಕಟ್ಟಿಹೋಗಿ ಯಂತ್ರ ನಿಂತುಬಿಡುತ್ತಿತ್ತು. ಇದಕ್ಕೆ ಅವನು ಒಂದು ಸಣ್ಣ ಕವಾಟವಿಟ್ಟ. ಹೊಸ ಉಗಿ ನುಗ್ಗುವಾಗ ಹಳೆಯ ಗಾಳಿ ಅದರಿಂದ ಹೊರಬೀಳುವ ಸದ್ದು ನೆಗಡಿಯಾದವನು ಮೂಗೆಳೆದಂತೆ ಇತ್ತಂತೆ. ಕವಾಟಕ್ಕೂ ಅದೇ ಅರ್ಥದ ಹೆಸರು ಬಿತ್ತು. 1769ರಲ್ಲಿ ಪೇಟೆಂಟ್ ಪಡೆದ ಜೇಮ್ಸ್ ವ್ಯಾಟ್ ತನ್ನ ಯಂತ್ರದಲ್ಲಿ ಗಾಳಿ ತೆಗೆಯಲೆಂದೇ ಬೇರೆ ಪಂಪು ಜೋಡಿಸಿದ. ವ್ಯಾಟನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಆ ಮೂಗೆಳೆಯುವ ಕವಾಟವನ್ನು ಯಾರೂ ಹೇಳಿಕೊಡುವುದಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಈ ಪಾಠ ನಿತ್ಯವೂ ನಡೆಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಳಕೆಗೆ ಬಂದ ಮೇಲೆ ಎಡದಂಡೆ ಕಾಲುವೆಯ ನೀರು ಈ ತಾಲ್ಲೂಕನ್ನು ಭತ್ತದ ಕಣಜ ಮಾಡಿತು, ಭತ್ತದ ಹಿಂದೆ ಗಿರಣಿಗಳು ಬಂದವು. ಉಗಿ ಹಾಯಿಸಿದ ಅಕ್ಕಿಗೆ ಭತ್ತದ ಹೊಟ್ಟನ್ನೇ ಉರಿಸಿ ಬಾಯ್ಲರಿನಲ್ಲಿ ಉಗಿ ಎಬ್ಬಿಸುತ್ತಾರೆ. ತಣ್ಣಗಿದ್ದ ಬಾಯ್ಲರಿಗೆ ಬೆಂಕಿ ಇಡುವಾಗ ಅದರ ತಲೆಯ ಮೇಲಿನ ಗಾಳಿ ತಿರುಪು ತೆರೆದೇ ಇರಬೇಕು. ಮೊದಲು ಗಾಳಿ, ಆಮೇಲೆ ಗಾಳಿ ಬೆರೆತ ಉಗಿ, ಕೊನೆಗೆ ಶುದ್ಧ ಉಗಿ ಬಂದ ಮೇಲೆಯೇ ಮುಚ್ಚುವುದು. ಅವಸರಕ್ಕೆ ಮೊದಲೇ ಮುಚ್ಚಿದರೆ ಮಾಪಕದ ಮುಳ್ಳು ಒತ್ತಡ ತೋರಿಸುತ್ತದೆ, ಅಷ್ಟು ಒತ್ತಡಕ್ಕೆ ಇರಬೇಕಾದ ಕಾವು ಮಾತ್ರ ಇರುವುದಿಲ್ಲ. ಮುಳ್ಳಿಗೆ ಗಾಳಿ ಯಾವುದು, ಉಗಿ ಯಾವುದು ಗೊತ್ತಾಗದು.

ಗಿರಣಿಗೆ ಹೋಗುವುದೂ ಬೇಡ. ಅಡುಗೆಮನೆಯ ಪ್ರೆಷರ್ ಕುಕ್ಕರಿನ ಬಾಯಲ್ಲಿ ಉಗಿ ಒಂದೇ ಸಮನೆ ಬರುವ ತನಕ ಕಾದು ಆಮೇಲೆ ತೂಕ ಇಡುವ ಗೃಹಿಣಿ ಮಾಡುವುದು ಇದನ್ನೇ. ಮೊದಲೇ ತೂಕ ಇಟ್ಟರೆ ಸೀಟಿ ಹೊಡೆಯುತ್ತದೆ, ಬೇಳೆ ಬೇಯುವುದು ತಡವಾಗುತ್ತದೆ. ಗಂಡಸರು ಕುಕ್ಕರ್ ಇಟ್ಟಾಗ ಬೇಳೆ ಬೇಯದಿರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಹೊಲದಲ್ಲಿಯೂ ಗಾಳಿಯದೇ ಕಾಟ. ಹೊಳೆಯ ದಂಡೆಯ ಮೇಲೆ ಪಂಪು ಇಟ್ಟ ರೈತ ಅದನ್ನು ಶುರು ಮಾಡುವ ಮೊದಲು ಕೊಡಗಟ್ಟಲೆ ನೀರು ಸುರಿದು ಹೀರುಕೊಳವೆಯ ಗಾಳಿ ಹೊರಡಿಸಬೇಕು. ಬುಡದ ಫುಟ್‌ವಾಲ್ವ್ ಸೋರಿದರೆ ಸಗಣಿ ಕದಡಿದ ನೀರು ಸುರಿದು ಸಂದಿ ಮುಚ್ಚುವುದುಂಟು. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಪೂರ್ತಿ ಮುಗಿದರೆ ಎಣ್ಣೆಯ ಕೊಳವೆಗೂ ಗಾಳಿ ಹೊಕ್ಕು, ತಿರುಪು ಸಡಿಲಿಸಿ ಗುಳ್ಳೆ ಹೋಗುವ ತನಕ ಎಣ್ಣೆ ತಳ್ಳಬೇಕು.

ಮತ್ತೆ ಕುಷ್ಟಗಿ, ಯಲಬುರ್ಗಾಗಳ ನಳಕ್ಕೆ ಬರೋಣ. ಈ ಎರಡು ತಾಲ್ಲೂಕುಗಳಿಗೆ ಗಂಗಾವತಿಯ ಭಾಗ್ಯವಿಲ್ಲ. ಪಕ್ಕದಲ್ಲಿ ಹೊಳೆ ಇಲ್ಲ, ಕೊಳವೆಬಾವಿಯ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಇದೆ. ಹಲ್ಲು ಕಂದಾಗುವುದು, ಮೊಣಕಾಲು ಮಡಚಲಾಗದಿರುವುದು ಇಲ್ಲಿ ಹೊಸ ಸುದ್ದಿಯಲ್ಲ. ಆದ್ದರಿಂದಲೇ ಕೃಷ್ಣಾ ನದಿಯ ನೀರನ್ನು ಕೊಳವೆಯಲ್ಲಿ ದೂರದಿಂದ ಹಳ್ಳಿ ಹಳ್ಳಿಗೆ ತರುವ ಬಹುಗ್ರಾಮ ಯೋಜನೆಗಳು ಬಂದವು. ಎರೆ ಹೊಲ, ಮರಡಿ, ಹಳ್ಳ, ಮತ್ತೆ ಮರಡಿ ಹೀಗೆ ಸಾಗುವ ಈ ಸಾಲುಗಳ ಪ್ರತಿ ಉಬ್ಬಿನ ಮೇಲೂ ಒಂದು ಏರ್ ವಾಲ್ವ್ ಇರಬೇಕು. ಅದರೊಳಗಿನ ತೇಲುಗುಂಡು ಗಾಳಿ ಇದ್ದಾಗ ಕೆಳಗಿಳಿದು ಬಾಯಿ ತೆರೆಯುತ್ತದೆ, ನೀರು ಬಂದಾಗ ತೇಲಿ ಬಾಯಿ ಮುಚ್ಚುತ್ತದೆ. ಸಾಲು ಖಾಲಿಯಾಗುವಾಗ ಹೊರಗಿನ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುವುದೂ ಅದೇ. ವಿಜಾಪುರದವರು 40 ಅಡಿ ಗೋಪುರದಿಂದ ಮಾಡಿದ ಕೆಲಸವನ್ನು ಇದು ಮೊಳದಷ್ಟು ಎರಕದ ಪೆಟ್ಟಿಗೆಯಲ್ಲಿ ಮಾಡುತ್ತದೆ.

ರಸ್ತೆ ಬದಿಯ ಈ ವಾಲ್ವ್‌ಗಳ ಸುತ್ತ ಏನು ನಡೆಯುತ್ತದೆ ಎಂಬುದನ್ನು ಉತ್ತರ ಕರ್ನಾಟಕದಲ್ಲಿ ಬಸ್ಸಿನಲ್ಲಿ ಓಡಾಡಿದವರೆಲ್ಲ ನೋಡಿದ್ದಾರೆ. ವಾಲ್ವ್‌ನ ಸಂದಿಯಿಂದ ನೀರು ಚಿಮ್ಮುತ್ತಿರುತ್ತದೆ. ಕೊಡ ಹಿಡಿದ ಹೆಂಗಸರು, ಬಟ್ಟೆ ಒಗೆಯುವವರು, ನೀರು ಕುಡಿಯುವ ಕುರಿಹಿಂಡು. ಕೆಲವು ತಾನಾಗಿ ಸೋರುತ್ತವೆ, ಕೆಲವಕ್ಕೆ ಯಾರೋ ಕಲ್ಲಿನಿಂದ ಕುಟ್ಟಿ, ಕಡ್ಡಿ ಸಿಕ್ಕಿಸಿ ಬಾಯಿ ಬಿಡಿಸಿರುತ್ತಾರೆ. ಅಧಿಕಾರಿಗಳ ಭಾಷೆಯಲ್ಲಿ ಇದು ನೀರಿನ ಕಳವು. ಬಿಡಿಸಿದವರ ಮಾತೂ ಕೇಳುವಂಥದ್ದೇ: ಊರಿನ ಟ್ಯಾಂಕಿಗೆ ಹೋಗುವ ನೀರು ದೊಡ್ಡಿಗೆ, ತಾಂಡಾಕ್ಕೆ, ಹೊಲದ ಮನೆಗೆ ಬರುವುದಿಲ್ಲ; ಕೊಳವೆ ಮಾತ್ರ ಅವರ ಹೊಲದ ಬದುವಿನ ಮೇಲೆ ಹಾದು ಹೋಗುತ್ತದೆ.

ನಷ್ಟ ಬರೀ ಸೋರುವ ನೀರಿನದಲ್ಲ. ಒತ್ತಡ ಕುಸಿದು ಮುಂದಿನ ಊರಿನ ಮರಡಿಯನ್ನು ನೀರು ಹತ್ತಲಾರದು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಪಂಪು ನಿಂತು ಸಾಲು ಖಾಲಿಯಾಗತೊಡಗಿದಾಗ ಬಾಯಿಬಿಟ್ಟ ವಾಲ್ವ್ ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದು ಗಾಳಿಯಾಗಿದ್ದರೆ ಸರಿ. ವಾಲ್ವ್ ಗುಂಡಿಯಲ್ಲಿ ಕುರಿ ತುಳಿದ ಕೆಸರು ನೀರು ನಿಂತಿದ್ದರೆ ಅದೇ ಒಳಗೆ ಹೋಗುತ್ತದೆ. ಮಾರನೆಯ ದಿನ ಅದು ಯಾರದೋ ಕೊಡಕ್ಕೆ ಬೀಳುತ್ತದೆ. 2023ರ ಬೇಸಿಗೆಯ ಕೊನೆಯಲ್ಲಿ ಕುಷ್ಟಗಿ ತಾಲ್ಲೂಕಿನ ಬಿಜಕಲ್, ಕನಕಗಿರಿ ತಾಲ್ಲೂಕಿನ ಬಸರಿಹಾಳದಲ್ಲಿ ವಾಂತಿಭೇದಿಯಿಂದ ಸಾವುಗಳಾಗಿ ಕುಡಿಯುವ ನೀರಿನ ಮೇಲೆ ಅನುಮಾನ ಬಂದದ್ದನ್ನು ಜಿಲ್ಲೆ ಮರೆತಿಲ್ಲ. ಅಲ್ಲಿ ಆದದ್ದಕ್ಕೆ ವಾಲ್ವ್ ಕಾರಣ ಎಂದು ನಾನು ಹೇಳುತ್ತಿಲ್ಲ. ಸದಾ ತುಂಬಿರದ, ದಿನ ಬಿಟ್ಟು ದಿನ ಖಾಲಿಯಾಗುವ ಕೊಳವೆಗೆ ಹೊರಗಿನ ಕೊಳೆ ಹೊಗುವ ದಾರಿಗಳು ಹಲವು, ಅವುಗಳಲ್ಲಿ ಇದೂ ಒಂದು.

ಮುರಿದ ವಾಲ್ವ್‌ಗೆ ಬೀಗ ಹಾಕುವುದು, ಕಾಂಕ್ರೀಟ್ ಪೆಟ್ಟಿಗೆ ಕಟ್ಟುವುದು, ಕೇಸು ಹಾಕುವುದು ಎಲ್ಲವೂ ಆಗಿದೆ. ರೋಸಿ ಹೋಗಿ ವಾಲ್ವನ್ನೇ ಕಿತ್ತು ಬಿರಡೆ ಹಾಕಿದರೆ ಕೊಪ್ಪಳದ ಆ ಮಾಳಿಗೆಯ ಮೇಲೆ ಆದದ್ದೇ ಆಗುತ್ತದೆ: ಸೋರುವುದು ನಿಲ್ಲುತ್ತದೆ, ನೀರೂ ನಿಲ್ಲುತ್ತದೆ. ಇಲ್ಲಿ ಗಂಜ್‌ನ ಇನ್ನೊಂದು ಉಪಯೋಗ ನೆನಪಾಗುತ್ತದೆ. ಗಾಳಿ ಬಿಡುವ ಬಾಯಿ 40 ಅಡಿ ಮೇಲೆ, ಯಾರ ಕಲ್ಲಿಗೂ ಕಡ್ಡಿಗೂ ಎಟುಕದ ಕಡೆ ಇತ್ತು. ಓಣಿಯವರಿಗೆ ನೀರು ಸಿಗುವ ಬಾಯಿ ಬೇರೆ ಇತ್ತು, ಅದು ಬುಡದಲ್ಲಿ ಇತ್ತು. ಕೊಳವೆ ಹಾದುಹೋಗುವ ದಾರಿಯವರಿಗೂ ಬಾಯಾರಿಕೆ ಇದೆ ಎಂಬುದು ನಕ್ಷೆ ಬರೆಯುವಾಗಲೇ ಲೆಕ್ಕಕ್ಕೆ ಬಂದಿತ್ತು. ನಮ್ಮ ರಸ್ತೆ ಬದಿಯ ವಾಲ್ವ್‌ಗಳನ್ನು ಆಳೆತ್ತರದ ಕೊಳವೆಯ ತುದಿಗೆ ಏರಿಸಿ, ಅದರ ಬುಡದಲ್ಲಿ ಒಂದು ನಳ, ಹತ್ತು ಹೆಜ್ಜೆ ಆಚೆ ಕುರಿಗಳಿಗೊಂದು ತೊಟ್ಟಿ ಕಟ್ಟಿಸಲು ತಗಲುವ ಖರ್ಚು, ವರ್ಷಕ್ಕೊಮ್ಮೆ ವಾಲ್ವ್ ಬದಲಿಸುವ ಖರ್ಚಿಗಿಂತ ಹೆಚ್ಚಿರಲಾರದು ಎಂದು ನನ್ನ ಎಣಿಕೆ.

ಕೊಪ್ಪಳದ ಮನೆಯ ಉಸಿರುಗೊಳವೆಯನ್ನು ಹುಡುಗ ಅಂದೇ ಹೊಸದಾಗಿ ಕೂಡಿಸಿದ. ಈ ಸಲ ಅದರ ತುದಿಯನ್ನು ಬಾಗಿಸಿ ಮಾಳಿಗೆಯ ನೀರು ಹೋಗುವ ದೋಣಿಯ ಕಡೆಗೆ ತಿರುಗಿಸಿದ್ದಾನೆ. ಹನಿ ಈಗಲೂ ಬೀಳುತ್ತದೆ. ಅಜ್ಜಿ ಅದರ ಕೆಳಗೆ ತುಳಸಿಯ ಕುಂಡ ಇಟ್ಟಿದ್ದಾರೆ.